ಉಭಯ ಕುಶಲೋಪರಿ ಮತ್ತು ರಿಪ್ಲೈ ಕಾರ್ಡು

ಸ್ಯಾನ್ ಹೋಸೆಯ ಪೂರ್ವಕ್ಕೆ, ಗುಡ್ಡಗಳ ಬುಡದಲ್ಲಿರೋ ನಮ್ಮ ಎವರ್‌ಗ್ರೀನ್ ಹೆಸರಿಗಷ್ಟೇ ನಿತ್ಯಹಸಿರು. ಮಳೆಗಾಲ ಕಳೆದರೆ ಗುಡ್ಡಗಳೆಲ್ಲ ಒಣಹುಲ್ಲಿನ ಬಣ್ಣ. 2008ರ ಅಕ್ಟೋಬರಿನಲ್ಲೂ ಹಾಗೇ ಇತ್ತು. ಆಗ ಮೈಸೂರಿಂದ ತಮ್ಮನ ಫೋನು: "ಅಣ್ಣಾ, ಅಪ್ಪಂಗೆ ಬೈಪಾಸ್ ಆಗ್ಬೇಕಂತೆ."

ಇಲ್ಲಿ ನೋಡಿದರೆ ಆಫೀಸಿನಲ್ಲಿ ಲೇಆಫ್ ಗುಸುಗುಸು. ಕೈಯಲ್ಲಿದ್ದ ಕೆಲಸ ತಿಂಗಳ ಕೊನೆಗೆ ಮುಗಿಯೋದಿತ್ತು. ಅಲ್ಲೀವರೆಗೆ ಆಪರೇಷನ್ ಕಾಯಬಹುದಾ? ಡಾಕ್ಟರಿಗೆ ಫೋನ್ ಮಾಡಿದಾಗಲೆಲ್ಲ ಅವರು ಓಟಿಯಲ್ಲಿ. ವಾಟ್ಸಾಪ್ ಇನ್ನೂ ಹುಟ್ಟಿರಲಿಲ್ಲ. ಸರಿ, ಇಮೇಲ್ ಬರೆದೆ.

ಎಂಥಾ ಇಮೇಲ್ ಅಂತೀರಿ! ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದದ್ದು, ಸೈಕಲ್ಲಿನ ಮೇಲೆ ಕೂರಿಸಿಕೊಂಡು ನನ್ನನ್ನು ಶಾಲೆಗೆ ಬಿಡುತ್ತಿದ್ದದ್ದು, ಇಷ್ಟು ದೂರ ಕೂತಿರೋ ನನ್ನ ಸಂಕಟ, ಇಂಟರ್ನೆಟ್ಟಿನಲ್ಲಿ ಓದಿ ತಲೆ ಕೆಡಿಸಿಕೊಂಡ ಹನ್ನೊಂದು ಪ್ರಶ್ನೆ. ಸಬ್ಜೆಕ್ಟಿನಲ್ಲಿ ಬರೀ "ನಮಸ್ಕಾರ".

ಮೂರು ದಿನವಾದರೂ ಉತ್ತರವಿಲ್ಲ. "ಮನುಷ್ಯತ್ವಾನೇ ಇಲ್ಲ ಇವರಿಗೆ" ಅಂತ ಕೂಗಾಡಿದೆ. ನನ್ನಾಕೆ ಮೇಲ್ ಓದಿ, "ಅಲ್ಲಾ ರೀ, ಇದ್ರಲ್ಲಿ ನೀವು ಕೇಳ್ತಿರೋದಾದ್ರೂ ಏನು?" ಅಂದಳು.

ಆಗ ನೆನಪಾದದ್ದು ಅಪ್ಪನ ರಿಪ್ಲೈ ಕಾರ್ಡು. ನೆನಪಿದೆಯಾ ನಿಮಗೆ? ಒಂದಕ್ಕೊಂದು ಅಂಟಿಕೊಂಡ ಎರಡು ಪೋಸ್ಟ್ ಕಾರ್ಡು. ಒಂದರಲ್ಲಿ ನಮ್ಮ ಪ್ರಶ್ನೆ, ಇನ್ನೊಂದರಲ್ಲಿ ನಮ್ಮದೇ ವಿಳಾಸ. ಉತ್ತರಿಸೋರು ಎರಡು ಸಾಲು ಗೀಚಿ, ಹರಿದು, ಡಬ್ಬಿಗೆ ಹಾಕಿದರಾಯ್ತು. ಸಂಬಂಧಿಕರಿಗೆ "ಉಭಯ ಕುಶಲೋಪರಿ ಸಾಂಪ್ರತ" ಅಂತ ಇನ್‌ಲ್ಯಾಂಡ್ ಲೆಟರ್ ತುಂಬಾ ಬರೆಯುತ್ತಿದ್ದ ಅಪ್ಪ, ಆಫೀಸುಗಳಿಗೆ ಮಾತ್ರ ಈ ಕಾರ್ಡನ್ನೇ ಹಾಕೋರು. "ಉತ್ತರ ಬರೆಯೋರ ಅರ್ಧ ಕೆಲಸ ನಾವೇ ಮಾಡ್ಕೊಡ್ಬೇಕು ಕಣೋ" ಅನ್ನೋರು.

ಮತ್ತೆ ಬರೆದೆ. ಸಬ್ಜೆಕ್ಟಿನಲ್ಲಿ ಅಪ್ಪನ ಹೆಸರು, ವಾರ್ಡ್ ನಂಬರು, "ಬೈಪಾಸ್ ಯಾವಾಗ?" ಒಳಗೆ ಮೂರೇ ಸಾಲು: "ನಾನು ಅಮೆರಿಕದಿಂದ ಬರಬೇಕು, ಇವತ್ತೇ ಟಿಕೆಟ್ ಮಾಡಿಸಬೇಕು. ಆಪರೇಷನ್ (1) ಮುಂದಿನ ವಾರವೇ ಆಗಬೇಕೇ, (2) ತಿಂಗಳ ಕೊನೆಯವರೆಗೆ ಕಾಯಬಹುದೇ? ನಂಬರ್ ಬರೆದರೆ ಸಾಕು." ಇಲ್ಲಿ ರಾತ್ರಿ ಎಂಟು, ಅಲ್ಲಿ ಬೆಳಿಗ್ಗೆ ಎಂಟೂವರೆ. ಅವರು ಓಟಿಗೆ ಹೋಗೋ ಮುಂಚೆ ಸಿಗಲಿ ಅಂತ ಆಗಲೇ ಕಳಿಸಿದೆ.

ಇಪ್ಪತ್ತು ನಿಮಿಷಕ್ಕೆ ಉತ್ತರ: "1. ಬೇಗ ಬನ್ನಿ."

ಹೊರಟೆ. ಆಪರೇಷನ್ ಚೆನ್ನಾಗಿ ಆಯ್ತು, ಕೆಲಸವೂ ಹೇಗೋ ಉಳಿಯಿತು.

ಈಗ ನನಗೂ ಊರಿನ ಹುಡುಗರಿಂದ ಮೇಲ್ ಬರುತ್ತವೆ. "ಸಾರ್, ನಿಮ್ಮ ಸಲಹೆ ಬೇಕು" ಅಂತ ಎರಡು ಪುಟ. ಭಾನುವಾರ ನಿಧಾನವಾಗಿ ಓದೋಣ ಅಂತ ಪಕ್ಕಕ್ಕಿಡುತ್ತೇನೆ, ಆ ಭಾನುವಾರ ಬರೋದೇ ಇಲ್ಲ. "ಈ ಎರಡು ಕೋರ್ಸಿನಲ್ಲಿ ಯಾವುದು ಸೇರಲಿ? ಶುಕ್ರವಾರ ಕೊನೇ ದಿನ" ಅಂತ ಕೇಳಿದವನಿಗೆ ನಿಂತ ಕಾಲಲ್ಲೇ ಉತ್ತರಿಸಿದ್ದೇನೆ. ಡಾಕ್ಟರಿಗೆ ಮನುಷ್ಯತ್ವ ಇರಲಿಲ್ಲ ಅಂತಲ್ಲ, ನನ್ನ ಪ್ರಶ್ನೆ ಅವರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ಆಸ್ಪತ್ರೆಯಲ್ಲಿ ಅಪ್ಪ ಚೇತರಿಸಿಕೊಳ್ಳುವಾಗ ಆ ಮೊದಲನೇ ಮೇಲನ್ನು ಓದಿ ಹೇಳಿದೆ. ಸೈಕಲ್ಲಿನ ಜಾಗ ಬಂದಾಗ ಸುಮ್ಮನಾದರು. ಆಮೇಲೆ ನಗುತ್ತಾ, "ಇದನ್ನ ಡಾಕ್ಟರಿಗೆ ಯಾಕೋ ಬರೆದೆ? ನನಗೆ ಬರೀಬೇಕಿತ್ತು" ಅಂದರು.