ಹದ್ದಿನ ಬಣ್ಣ

ಅಮರಕೋಶದಲ್ಲಿ ಹದ್ದಿಗೆ ‘ಆತಾಯೀ’, ‘ಚಿಲ್ಲ’ ಎಂಬ ಹೆಸರುಗಳುಂಟು. ಅವನ್ನು ಎಷ್ಟೋ ಮಕ್ಕಳಿಗೆ ಮುಖೋದ್ಗತ ಮಾಡಿಸಿದ ನಾನು ಹದ್ದನ್ನು ಕಣ್ಣಿಟ್ಟು ಕಂಡವನಲ್ಲ. ಭೂಸನೂರಿನ ಹೊಲದ ಮೇಲೆ ತಾನು ತೆಗೆದ ಚಿತ್ರವನ್ನು ಶಿಷ್ಯನೊಬ್ಬನು ತಂದು ತೋರಿದಾಗ “ಕಾಗೆಯಲ್ಲವೆ?” ಎಂದುಬಿಟ್ಟೆ. ಅವನ ಮುಖ ಬಾಡಿತು. “ಬಾಲದ ಕವಲನ್ನು ನೋಡಿರಿ, ಗುರುಗಳೆ” ಎಂದನು.

ಕ್ಯಾಮೆರಾದ ಬೆಳಕುಮಾಪಕವು ಕಂಡುದನ್ನೆಲ್ಲ ನಡುಬೂದು ಎಂದೇ ಬಗೆಯುವುದಂತೆ. ಬೆಳ್ಳನೆಯ ಆಗಸವನ್ನು ಬೂದಾಗಿಸಹೋಗಿ ಕಂದುಬಣ್ಣದ ಹದ್ದನ್ನು ಮಸಿಯಾಗಿಸುವುದು. ಆಗ ಒಂದೆರಡು ಸ್ಟಾಪಿನಷ್ಟು ಬೆಳಕನ್ನು ಹೆಚ್ಚಿಸಬೇಕು. ಒಂದು ಸ್ಟಾಪೆಂದರೆ ಇಮ್ಮಡಿ. ಕರಿಯ ಎರೆನೆಲಕ್ಕೆ ಎರಗುವ ಬಿಳಿಮೈಯ ರಾಮದಾಸ ಹದ್ದಿಗಾದರೋ ಬೆಳಕನ್ನು ತಗ್ಗಿಸಬೇಕು. ಇದನ್ನೆಲ್ಲ ಅವನೇ ನನಗೆ ಕಲಿಸಿದನು.

ಮರುವಾರ ತಂದ ಪಟದಲ್ಲಿ ಕಂದುಗರಿಗಳು ಒಂದೊಂದಾಗಿ ಕಾಣುತ್ತಿದ್ದವು. ಆದರೂ ಮೊದಲಿನ ಕರಿಯ ಪಟವನ್ನೇ ಕೇಳಿ ಪಡೆದು, ಕೋಶದ ಆ ಪುಟದಲ್ಲಿಟ್ಟುಕೊಂಡಿದ್ದೇನೆ.