ಪಂಢರಪುರದಿಂದ ಮಂಗಳವೇಢೆಗೆ

ಜ್ಯೇಷ್ಠ ಬಹುಳ ಅಷ್ಟಮಿಯಂದು ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಲ್ಲಕ್ಕಿಯು ಆಷಾಢ ಶುದ್ಧ ಏಕಾದಶಿಗೆ ಪಂಢರಪುರವನ್ನು ಸೇರುತ್ತದೆ. ಸುಮಾರು 250 ಕಿ.ಮೀ. ದೂರದ ಈ ವಾರಿಯನ್ನು ಬಣ್ಣಿಸುವವರು ದಿವೆಘಾಟಿನ ಏರನ್ನೂ ಕುದುರೆ ಓಡುವ ರಿಂಗಣವನ್ನೂ ಬಿಡುವುದಿಲ್ಲ. ನಡಿಗೆ ಮುಗಿದ ಮರುದಿನದ ಮಾತನ್ನು ಆಡುವವರು ವಿರಳ. ಪಾದುಕೆಗಳು ಹುಣ್ಣಿಮೆಯ ಗೋಪಾಲಕಾಲೆಯ ತರುವಾಯ ಬಂದ ದಾರಿಯಲ್ಲೇ ಕಾಲ್ನಡಿಗೆಯಿಂದ ಮರಳುತ್ತವೆ. ಜನರಾದರೋ ದ್ವಾದಶಿಯ ಪಾರಣೆ ಮುಗಿಸಿ ಬಸ್ಸು, ರೈಲುಗಳಿಗೆ ಮುಗಿಬೀಳುತ್ತಾರೆ.

ಗದಗದ ಕಡೆಯ ನಿವೃತ್ತ ಅಂಚೆ ನೌಕರರೊಬ್ಬರು ಹಾಗೆ ಹೊರಡಬೇಕಾದವರೇ. ಲೋಣಂದದಲ್ಲಿ ದಿಂಡಿಗೆ ಬಂದು ಸೇರಿದ ಫಲಟಣದ ಕಡೆಯ ರೈತರೊಬ್ಬರು ಅಲ್ಲಿಂದ ಅವರ ಜೊತೆಗೇ ನಡೆದಿದ್ದರು. ಒಂದೇ ಹಾಳೆಯಡಿಯಲ್ಲಿ ಮಳೆಗೆ ನಿಂತು, ಒಂದೇ ಭಾಕರಿಯನ್ನು ಮುರಿದು ತಿಂದಿದ್ದರು. ಆದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದು. ವಾರಿಯಲ್ಲಿ ಎಲ್ಲರೂ ಎಲ್ಲರಿಗೂ ‘ಮಾವುಲಿ’, ಅಂದರೆ ತಾಯಿ. ಹೆಸರು ಕೇಳುವ ಅಗತ್ಯವೇ ಬೀಳುವುದಿಲ್ಲ. ಹೆಸರಿನ ಹಿಂದಿನದನ್ನು ಕೇಳುವ ಸಂಕಟವೂ ಇಲ್ಲ.

ದ್ವಾದಶಿಯ ಬೆಳಿಗ್ಗೆ ಫಲಟಣದವರು ದರ್ಶನದ ಸಾಲಿಗೆ ಹೋಗಲಿಲ್ಲ. ಮಹಾದ್ವಾರದ ಎದುರಿನ ಚೋಖಾಮೇಳನ ಸಮಾಧಿಗೆ ಹಣೆಯಿಟ್ಟು, “ನನ್ನ ವಾರಿ ಇಲ್ಲಿಗೆ ಮುಗಿಯಿತು” ಎಂದರು. ನಾಮದೇವರ ಪಾಯರಿಯ ಮುಂದೆ, ಬಾಗಿಲ ಹೊರಗೆ, ಆ ಮಹಾರ ಸಂತನ ಎಲುಬುಗಳಿವೆಯೆಂಬುದು ಸಂಪ್ರದಾಯ. ಮಂಗಳವೇಢೆಯಲ್ಲಿ ಊರ ಗೋಡೆ ಕಟ್ಟುತ್ತಿದ್ದಾಗ ಅದು ಕುಸಿದು ಚೋಖಾ ಮಡಿದನು. ನಾಮದೇವರು ಅವಶೇಷಗಳಿಗೆ ಕಿವಿಗೊಟ್ಟು, ವಿಠ್ಠಲನಾಮ ಕೇಳಿಸಿದ ಎಲುಬುಗಳನ್ನು ಆಯ್ದು ತಂದರು. ಗುಡಿಯ ಬಾಗಿಲು ದಲಿತರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರ ಉಪವಾಸದ ಬಳಿಕ.

“ಆ ಗೋಡೆ ಬಿದ್ದ ಊರನ್ನು ಒಮ್ಮೆ ನೋಡಬೇಕು” ಎಂದ ಫಲಟಣದವರಿಗೆ ಅಂಚೆಯವರು, “ನಡೀರಿ, ನನಗೂ ಅಲ್ಲಿ ಕೆಲಸವಿದೆ” ಎಂದುಬಿಟ್ಟರು. ಗದಗಕ್ಕೆ ಮುಂಗಡ ತೆಗೆದಿದ್ದ ಟಿಕೆಟ್ಟು ಕಿಸೆಯಲ್ಲೇ ಉಳಿಯಿತು. ಅವರ ಕೆಲಸವೆಂದರೆ ಬಸವಣ್ಣ. ಕಳಚುರಿ ಬಿಜ್ಜಳನು ಕಲ್ಯಾಣಕ್ಕೆ ಹೋಗುವ ಮುನ್ನ ಆಳಿದ ಮಂಗಳವಾಡವು ಇದೇ ಊರು. ಬಸವಣ್ಣನು ಅವನ ಭಂಡಾರದಲ್ಲಿ ಕರಣಿಕನಾಗಿ ಸೇರಿದ್ದೂ ಇಲ್ಲಿಯೇ ಎಂದು ಶರಣ ಪರಂಪರೆ ಹೇಳುತ್ತದೆ. ನಮ್ಮ ಪಠ್ಯಗಳಲ್ಲಿ ಅರ್ಧ ವಾಕ್ಯದಲ್ಲಿ ಮುಗಿದುಹೋಗುವ ಊರು ಪಂಢರಪುರದಿಂದ ಎಸ್.ಟಿ. ಬಸ್ಸಿನಲ್ಲಿ ಒಂದು ಗಂಟೆಯಷ್ಟೇ ದೂರ.

ಜೋಳಕ್ಕೆ ಹೆಸರಾದ ಕಪ್ಪು ನೆಲ ಹಿಂಗಾರಿಯ ಬಿತ್ತನೆಗಾಗಿ ಬರಿದಾಗಿ ಕಾಯುತ್ತಿತ್ತು. ದಾರಿಯಲ್ಲಿ ಫಲಟಣದವರು ತಾವಾಗಿಯೇ ಮಾತು ತೆಗೆದರು. ಅವರ ಮನೆತನ 1956ರ ಅನಂತರ ಬೌದ್ಧವಾದದ್ದು. ಅಜ್ಜಿ ಮಾತ್ರ ಬೀಸುವ ಕಲ್ಲಿನ ಮುಂದೆ ಚೋಖೋಬಾನ ಅಭಂಗಗಳನ್ನು ಹಾಡುತ್ತಿದ್ದಳು. ಆ ದನಿಯ ಬೆನ್ನು ಹತ್ತಿ ಇವರು ವಾರಿಗೆ ಬಂದಿದ್ದರು. ಮನೆಯಲ್ಲಿ ಮಗಳ ಊರಿಗೆ ಹೋಗುವೆನೆಂದು ಹೇಳಿದ್ದರು. “ಯಾರ ಗೋಡೆಯ ಕೆಳಗೆ ಸತ್ತನೋ ಅವರ ದೇವರನ್ನೇ ಹಾಡಿದವನು ನಮಗೇಕೆ?” ಎಂಬುದು ಮಗನ ವಾದ. ಆ ಪ್ರಶ್ನೆಯಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಆದರೆ ಅಸ್ಪೃಶ್ಯತೆಯ ಮೂಲವನ್ನು ಕುರಿತ 1948ರ ಗ್ರಂಥವನ್ನು ಅಂಬೇಡ್ಕರರು ನಂದನಾರ್, ರವಿದಾಸ, ಚೋಖಾಮೇಳ ಈ ಮೂವರ ಸ್ಮೃತಿಗೆ ಅರ್ಪಿಸಿದ್ದಾರೆಂಬುದನ್ನೂ ಮರೆಯಲಾಗದು.

ಮಂಗಳವೇಢೆಯಲ್ಲಿ ಗೋಡೆ ಎಲ್ಲಿತ್ತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿದರು. ಬಸವಣ್ಣನ ಸುದ್ದಿ ಕೇಳಿದಾಗಲೂ ಅಷ್ಟೇ. ಇಬ್ಬರನ್ನೂ ಎಲ್ಲರೂ ಕಳುಹಿದ್ದು ದಾಮಾಜಿಯ ಗುಡಿಗೆ. ಬರಗಾಲದಲ್ಲಿ ಸರ್ಕಾರದ ಕಣಜವನ್ನು ಹಸಿದವರಿಗೆ ತೆರೆದ ಅಧಿಕಾರಿ ದಾಮಾಜಿಪಂತ. ಬೀದರಿನ ಸುಲ್ತಾನನ ಕೋಪದಿಂದ ಅವನನ್ನು ಉಳಿಸಲು ವಿಠ್ಠಲನೇ ವಿಠೂ ಮಹಾರನಾಗಿ ಹೋಗಿ ಧಾನ್ಯದ ಬೆಲೆ ಕಟ್ಟಿದನೆಂಬುದು ಮನೆಮಾತಾದ ಕಥೆ. ಫಲಟಣದವರು ಗುಡಿಯ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಸುಮ್ಮನಿದ್ದರು.

“ಪಂತರಿಗಾಗಿ ದೇವರು ಮಹಾರನಾದ. ಮಹಾರನನ್ನು ಗೋಡೆ ಕಟ್ಟಲು ಕರೆದೊಯ್ದಾಗ ಎಲ್ಲಿದ್ದನಂತೆ?”

ಚೋಖಾ ಹದಿನಾಲ್ಕನೆಯ ಶತಮಾನದವನು, ದಾಮಾಜಿ ಆಮೇಲಿನವನು ಎಂದು ಕಾಲಗಣನೆಯನ್ನು ಮುಂದಿಡಬಹುದಿತ್ತು. ಅಂಚೆಯವರು ಇಡಲಿಲ್ಲ. ಎರಡು ಚಹಾ ತಂದು ಒಂದನ್ನು ಅವರ ಕೈಗಿತ್ತರು.

ಸಂಜೆ ವಿಜಯಪುರದ ಬಸ್ಸು ಬಂತು. ಅಂಚೆಯವರು ಆಗ ಹೆಸರು ಕೇಳಿದರು, ತಮ್ಮದನ್ನೂ ಹೇಳಿದರು. ಫಲಟಣದವರ ಬಳಿ ಸ್ವಂತ ಫೋನಿರಲಿಲ್ಲ. ಮಗನ ಸಂಖ್ಯೆಯನ್ನು ಬಾಯಿಪಾಠದಿಂದ ಬರೆಸಿದರು. ಬಸ್ಸು ಹೊರಡುವಾಗ ಕಿಟಕಿಯ ಬಳಿ ಬಂದು ಹೇಳಿದರು:

“ಫೋನು ಮಾಡಿದರೆ ಮಾವುಲಿ ಅನ್ನಬೇಡಿ, ಎತ್ತುವವನು ಮಗ. ಜೈ ಭೀಮ್ ಅನ್ನಿ, ನನಗೆ ಕೊಡುತ್ತಾನೆ.”