ಪೈಪ್ ರೆಂಚ್ ಹಿಡಿದು ದಡ ಸೇರಿದ್ದು

ನಮ್ಮ ದೋಣಿಗೆ ಆಟೊಪೈಲಟ್ ಬೇಕಾದದ್ದು ಭಾವನ ಬಲಗೈ ಮುರಿದ ಮೇಲೆ. ಬಲೆ ಎಳೆಯುವ ವಿಂಚಿಗೆ ಹಗ್ಗದ ಜೊತೆ ಕೈಯೂ ಸುತ್ತಿಕೊಂಡು ಮೊಣಕೈ ಮೇಲೆ ಮೂಳೆ ತುಂಡಾಗಿತ್ತು. ಮಲ್ಪೆಯಲ್ಲಿ ಅವರಿಗಿದ್ದದ್ದು ಮೂವತ್ತಡಿಯ ಒಂದು ಫೈಬರ್ ದೋಣಿ, ಅದರೊಳಗೆ ಕೂರಿಸಿದ ಡೀಸೆಲ್ ಎಂಜಿನ್, ಅದರ ಮೇಲಿನ ಬ್ಯಾಂಕ್ ಸಾಲ. ದೋಣಿ ನಡೆಸುವ ತಾಂಡೇಲನೂ ಅವರೇ. ನಾನು ಆಲೂರು ತಾಲ್ಲೂಕಿನ ಪಾಳ್ಯದವನು. ಕಾಫಿ ತೋಟಗಳ ಪಂಪ್‌ಸೆಟ್, ಸ್ಪ್ರಿಂಕ್ಲರ್ ರಿಪೇರಿ ನನ್ನ ಕಸುಬು. ಅಕ್ಕನ ಮನೆ ನಡೆಯಬೇಕಲ್ಲ ಎಂದು ಶಿರಾಡಿ ಘಾಟಿ ಇಳಿದು ಹೋದೆ.

ಕಡಲಿಗೆ ಹೋಗುವಾಗ ಕಷ್ಟ ಅಷ್ಟಾಗಿ ಗೊತ್ತಾಗುವುದಿಲ್ಲ. ಅಲೆ ಎದುರಿಗೆ ಬರುತ್ತದೆ, ದೋಣಿ ಕುಪ್ಪಳಿಸುತ್ತ ನೇರ ಹೋಗುತ್ತದೆ. ವಾಪಸ್ ಬರುವಾಗ ಅದೇ ಅಲೆ ಬೆನ್ನ ಹಿಂದಿನಿಂದ ಬಂದು ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ತಳ್ಳುತ್ತದೆ, ಮೂತಿ ಬೇರೆ ದಿಕ್ಕಿಗೆ ಹೊರಳುತ್ತದೆ. ಸ್ಟೇರಿಂಗ್ ಬಿಟ್ಟು ನೀರು ಕುಡಿಯುವಷ್ಟರಲ್ಲಿ ದೋಣಿ ಅಲೆಗೆ ಅಡ್ಡ ನಿಂತಿರುತ್ತದೆ. ಬಲೆಯಿಂದ ಮೀನು ಬಿಡಿಸಿ ಐಸ್ ಹಾಕುವ ಕೆಲಸ ಆಗಬೇಕಾದದ್ದೂ ವಾಪಸ್ ಬರುವ ಆ ಹೊತ್ತಿನಲ್ಲೇ. ಭಾವನಿಗೆ ಒಂದೇ ಕೈ. ನಾನು ಸ್ಟೇರಿಂಗ್ ಹಿಡಿದರೆ ಮೀನು ಕೆಡುತ್ತದೆ, ಮೀನು ಹಿಡಿದರೆ ದೋಣಿ ಕೆಡುತ್ತದೆ. ಆಳು ಇಟ್ಟರೆ ಸಾಲದ ಕಂತಿಗೆ ಏನೂ ಉಳಿಯುವುದಿಲ್ಲ. ರಾತ್ರಿಯಿಡೀ ದಿಕ್ಸೂಚಿಯ ಮುಳ್ಳು ನೋಡಿ ನೋಡಿ ಹಗಲಲ್ಲೂ ಕಣ್ಣೆದುರು ಅದು ತೂಗುತ್ತಿತ್ತು. ಕೊನೆಗೆ ಅಪ್ಪ ಆ ವರ್ಷದ ಕಾಳುಮೆಣಸು ಮಾರಿ, "ಮಿಷನ್ನೇ ತಗೋ ಕಣಪ್ಪ, ಇಬ್ರೂ ನಿದ್ದೆಗೆಟ್ಟು ಎಲ್ಲಾದ್ರೂ ಬಿದ್ಗಿದ್ದೀರ" ಎಂದು ದುಡ್ಡು ಕೊಟ್ಟರು.

ಅಂಗಡಿಯಲ್ಲಿ ಮೊದಲು ಕೇಳಿದ್ದು ದೋಣಿಯ ಉದ್ದ. ಪೆಟ್ಟಿಗೆಯ ಮೇಲೂ ಅದನ್ನೇ ಬರೆದಿರುತ್ತಾರೆ. ಬಾವಿಯ ಆಳ ಕೇಳದೆ ತೋಟದ ಎಕರೆ ಮಾತ್ರ ಕೇಳಿ ಮೋಟರ್ ಮಾರಿದ ಹಾಗೆ ಇದು. ಐಸು, ಬಲೆ, ಮೀನು ತುಂಬಿ ಬರುವ ಮೂವತ್ತಡಿ ದೋಣಿಯೂ ಭಾನುವಾರ ಸುತ್ತಾಡುವ ಮೂವತ್ತಡಿ ದೋಣಿಯೂ ಒಂದೇ ಅಲ್ಲ. ನಮ್ಮದು ಹೈಡ್ರಾಲಿಕ್ ಸ್ಟೇರಿಂಗ್. ಚಕ್ರ ತಿರುಗಿಸಿದರೆ ಎಣ್ಣೆ ಕೊಳವೆಯಲ್ಲಿ ಹರಿದು ಹಿಂದಿನ ಸಿಲಿಂಡರನ್ನು ತಳ್ಳುತ್ತದೆ, ಸಿಲಿಂಡರು ಚುಕ್ಕಾಣಿಯನ್ನು ತಿರುಗಿಸುತ್ತದೆ. ಆಟೊಪೈಲಟ್ ಮಾಡುವುದೂ ಇದನ್ನೇ. ಅದೇ ಕೊಳವೆಗೆ ಟಿ ಹಾಕಿ ಇನ್ನೊಂದು ಸಣ್ಣ ವಿದ್ಯುತ್ ಪಂಪು ಸೇರಿಸುತ್ತಾರೆ. ಹಾಗಾಗಿ ಕೇಳಬೇಕಾದದ್ದು ಸಿಲಿಂಡರು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಎಷ್ಟು ಸಿಸಿ ಎಣ್ಣೆ ಬೇಕು, ಪಂಪು ನಿಮಿಷಕ್ಕೆ ಎಷ್ಟು ಕೊಡುತ್ತದೆ ಎಂಬುದನ್ನು. ಚುಕ್ಕಾಣಿ ಆ ತುದಿಯಿಂದ ಈ ತುದಿಗೆ ಹತ್ತು ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ತಿರುಗಬೇಕು. ಪಂಪು ಚಿಕ್ಕದಾದರೆ ಅಲೆ ತಳ್ಳಿ ಮುಗಿದ ಮೇಲೆ ಚುಕ್ಕಾಣಿ ಬರುತ್ತದೆ. ದೊಡ್ಡದಾದರೆ ಅಗತ್ಯಕ್ಕಿಂತ ಹೆಚ್ಚು ತಿರುಗಿ ದೋಣಿ ಹಾವಿನ ನಡೆ ನಡೆಯುತ್ತದೆ. ಈ ಲೆಕ್ಕ ಹಾಕಿಯೇ ಪಂಪು ಆರಿಸಿದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನಗಳಲ್ಲೇ ಕೆಲಸ ಮುಗಿಯಬೇಕಿತ್ತು. ಪಂಪನ್ನೂ ಸಿಲಿಂಡರನ್ನೂ ಬಿಚ್ಚಿ ಪಾಳ್ಯಕ್ಕೆ ತಂದೆ, ನನ್ನ ವೈಸು, ಸ್ಪ್ಯಾನರು ಎಲ್ಲ ಇಲ್ಲಿದ್ದವು. ಕಾಫಿ ಪಲ್ಪರ್ ಮನೆಯ ಬೆಂಚಿಗೆ ಸಿಲಿಂಡರು ಬಿಗಿದು, ಟ್ರಾಕ್ಟರ್ ಬ್ಯಾಟರಿಯಿಂದ ಪಂಪು ಓಡಿಸಿ, ಕೊಳವೆಯೊಳಗಿನ ಗಾಳಿ ಪೂರ್ತಿ ಹೋಗುವವರೆಗೆ ಎಣ್ಣೆ ಹಾಯಿಸಿದೆ. ಎಣ್ಣೆಯಲ್ಲಿ ಒಂದು ಗುಳ್ಳೆ ಉಳಿದರೂ ಪಂಪಿನ ಬಲದಲ್ಲಿ ಒಂದಷ್ಟು ಆ ಗುಳ್ಳೆಯನ್ನು ಒತ್ತುವುದರಲ್ಲೇ ಹೋಗುತ್ತದೆ, ಚುಕ್ಕಾಣಿ ಸರಿಯಾಗಿ ತಿರುಗುವುದಿಲ್ಲ. ಹೊರಗೆ ನಮ್ಮೂರಿನ ಜುಲೈ ಮಳೆ. ಗದ್ದೆಗೆ ಆನೆ ಇಳಿದಿವೆ ಎಂದು ರಾತ್ರಿ ಫೋನ್ ಬಂದರೆ ಲೈಟ್ ಆರಿಸಿ ಒಳಗೇ ಇರಬೇಕಿತ್ತು. ಮಲ್ಪೆಗೆ ಹಿಂದಿರುಗುವ ದಿನ ಶಿರಾಡಿ ದಾರಿಯ ದೋಣಿಗಾಲ್ ಹತ್ತಿರ ಮಣ್ಣು ಜರಿದು ವಾಹನ ಬಿಡುತ್ತಿರಲಿಲ್ಲ. ಚಾರ್ಮಾಡಿ ಘಾಟಿ ಬಳಸಿ ಹೋದೆ.

ದೋಣಿಯಲ್ಲಿ ಹೆಚ್ಚು ಹೊತ್ತು ತಿಂದದ್ದು ಯಂತ್ರದ ದಿಕ್ಸೂಚಿಗೆ ಜಾಗ ಹುಡುಕುವುದು. ಅದಕ್ಕೆ ಕಬ್ಬಿಣ ಆಗದು, ಸ್ಪೀಕರಿನ ಅಯಸ್ಕಾಂತ ಆಗದು, ಕರೆಂಟು ಹರಿಯುವ ವಯರೂ ಆಗದು. ಸಾಧಾರಣ ಕೈ ದಿಕ್ಸೂಚಿ ಹಿಡಿದು ದೋಣಿಯೆಲ್ಲ ಹುಡುಕಿದೆ. ಒಂದು ಜಾಗದಲ್ಲಿ ಇಡುವುದು, ಎಂಜಿನ್ ಚಾಲೂ ಮಾಡಿಸುವುದು, ಆಮೇಲೆ ವಿಂಚು, ದೀಪ, ವೈರ್‌ಲೆಸ್. ಮುಳ್ಳು ಅಲುಗಿದರೆ ಬೇರೆ ಜಾಗ. ಕೊನೆಗೆ ಕ್ಯಾಬಿನ್ನಿನ ಒಳಗೆ, ನೆಲಕ್ಕೆ ಹತ್ತಿರ ಒಂದು ಮೂಲೆ ಸಿಕ್ಕಿತು. ಪಕ್ಕದಲ್ಲಿ ಹಾಯುವ ಪ್ಲಸ್ಸು ಮೈನಸ್ಸು ವಯರುಗಳನ್ನು ಒಂದಕ್ಕೊಂದು ಹುರಿ ಹೊಸೆದೆ. ಹಾಗೆ ಮಾಡಿದರೆ ಎರಡರ ಕಾಂತಶಕ್ತಿ ಒಂದನ್ನೊಂದು ಅಳಿಸುತ್ತದೆ.

ಆಗಸ್ಟಿನಲ್ಲಿ ನೀರು ತಿಳಿಯಾದ ಬೆಳಿಗ್ಗೆ ದೋಣಿಯನ್ನು ನಿಧಾನ ಸುತ್ತು ಹಾಕಿಸಿ ದಿಕ್ಸೂಚಿ ಹೊಂದಿಸಿದೆವು. ಆಮೇಲೆ ಯಂತ್ರಕ್ಕೆ ಚುಕ್ಕಾಣಿ ಹಿಡಿಯುವುದು ಕಲಿಸಬೇಕು. ರಷ್ಯಾ ಮೂಲದ ನಿಕೋಲಸ್ ಮಿನೋರ್ಸ್ಕಿ ಎಂಬ ಎಂಜಿನಿಯರು 1922ರಲ್ಲೇ ಇದರ ಲೆಕ್ಕ ಬರೆದಿಟ್ಟಿದ್ದಾರೆ. ನುರಿತ ನಾವಿಕನು ದೋಣಿ ಈಗ ಎಷ್ಟು ತಪ್ಪಿದೆ ಎಂಬುದನ್ನು ಮಾತ್ರ ನೋಡುವುದಿಲ್ಲ. ಎಷ್ಟು ಬೇಗ ತಪ್ಪುತ್ತಿದೆ, ಇಷ್ಟು ಹೊತ್ತೂ ಯಾವ ಕಡೆಗೆ ವಾಲುತ್ತ ಬಂದಿದೆ ಎಂಬುದನ್ನೂ ಕೂಡಿಸಿ ಕೈ ಆಡಿಸುತ್ತಾನೆ. ಅಮೆರಿಕದ ನ್ಯೂ ಮೆಕ್ಸಿಕೋ ಎಂಬ ಯುದ್ಧನೌಕೆಯಲ್ಲಿ ಅವರ ಯಂತ್ರದ ಪರೀಕ್ಷೆಯೂ ನಡೆದಿತ್ತು. ನಮ್ಮ ಪೆಟ್ಟಿಗೆಯಲ್ಲಿದ್ದ ಮೂರು ಹೊಂದಿಕೆಗಳೂ ಅವೇ ಮೂರು. ನಾನು ಗುಂಡಿ ಒತ್ತುತ್ತಿದ್ದೆ, ಭಾವ ಕಣ್ಣುಮುಚ್ಚಿ ನಿಂತು ದೋಣಿಯ ಹೊರಳಾಟ ಕಾಲಲ್ಲೇ ತಿಳಿದು "ಸ್ವಲ್ಪ ಕಮ್ಮಿ ಮಾಡು ಮಾರಾಯ, ಈಗ ಹೆಚ್ಚಾಯ್ತು" ಎನ್ನುತ್ತಿದ್ದರು. ಅವರ ಇಪ್ಪತ್ತು ವರ್ಷದ ಅನುಭವ ಯಂತ್ರಕ್ಕೆ ಇಳಿದದ್ದು ಹೀಗೆ. ಆಮೇಲಿನ ದಿನಗಳು ಚೆನ್ನಾಗಿದ್ದವು. ಒಬ್ಬರು ಸುತ್ತ ನೋಡುತ್ತ ಕಾವಲು ಕೂರುವುದು, ಇನ್ನೊಬ್ಬರು ಮೀನು ಬಿಡಿಸುವುದು. ಮೀನಿಗೆ ಒಳ್ಳೆಯ ರೇಟೂ ಸಿಕ್ಕಿತು.

ನವೆಂಬರಿನ ಆ ರಾತ್ರಿ ಇಪ್ಪತ್ತೈದು ಮಾರು ಆಳದ ನೀರಿನಿಂದ ವಾಪಸ್ ಹೊರಟಿದ್ದೆವು. ನೈಋತ್ಯದಿಂದ ಉಬ್ಬಲೆ ಎದ್ದಿತ್ತು. ಯಂತ್ರ ಕಿರುಚಿತು, ಪರದೆಯಲ್ಲಿ ಚುಕ್ಕಾಣಿ ಉತ್ತರ ಕೊಡುತ್ತಿಲ್ಲ ಎಂದು ಬಂತು. ಯಂತ್ರ ಆರಿಸಿ ಕೈಗೆ ತೆಗೆದುಕೊಂಡೆ. ಚಕ್ರ ಗಾಳಿಯಲ್ಲಿ ಬೆರಳು ತಿರುಗಿಸಿದಂತೆ ಸುತ್ತಿತು. ಟಿ ಹತ್ತಿರದ ತಾಮ್ರದ ಕೊಳವೆ ಎಂಜಿನ್ನಿನ ನಡುಕಕ್ಕೆ ಸೆಟೆದು ಬಿರಿದಿತ್ತು, ಎಣ್ಣೆಯೆಲ್ಲ ಕೆಳಗೆ. ಯಂತ್ರ ಹೋದರೆ ಕೈಯಿದೆ ಎಂದು ನಂಬಿದ್ದೆವು. ಎರಡಕ್ಕೂ ಕೊಳವೆ ಒಂದೇ ಆದ್ದರಿಂದ ಎರಡೂ ಒಟ್ಟಿಗೆ ಹೋದವು.

ದೋಣಿ ಅಲೆಗೆ ಅಡ್ಡ ತಿರುಗಿತು. ಐಸ್ ಪೆಟ್ಟಿಗೆ ಜಾರಿ ಭಾವನ ಕಾಲಿಗೆ ಬಡಿಯಿತು. ಫೋನಿಗೆ ಸಿಗ್ನಲ್ ಇಲ್ಲ, ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಹೋಗಲಿಲ್ಲ. ವೈರ್‌ಲೆಸ್ಸಿನ 16ನೇ ಚಾನೆಲ್ಲಿನಲ್ಲಿ ಭಾವ ಕೂಗಿ ಕೂಗಿ ನಮ್ಮ ಜಾಗ ಹೇಳಿದರು. ದಕ್ಷಿಣಕ್ಕೆ ಹಡಗೊಂದರ ದೀಪ ಕಾಣುತ್ತಿತ್ತು, ಅದಕ್ಕೆ ನಾವು ಕಾಣುತ್ತೇವೋ ಇಲ್ಲವೋ ಎಂಬ ಭಯ. 2018ರ ಡಿಸೆಂಬರಿನಲ್ಲಿ ಇದೇ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಮೀನುಗಾರಿಕೆ ಬೋಟು ಏಳು ಮಂದಿಯ ಸಮೇತ ಕಾಣೆಯಾಗಿತ್ತು. ಅದರ ಅವಶೇಷ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಆಚೆಯ ಕಡಲ ತಳದಲ್ಲಿ. ಮಲ್ಪೆಯ ಯಾವ ಮನೆಯವರೂ ಅದನ್ನು ಮರೆತಿಲ್ಲ. ಅಕ್ಕ ಈಗ ಏನು ಮಾಡುತ್ತಿದ್ದಾಳೋ ಎಂಬುದೊಂದೇ ತಲೆಯಲ್ಲಿತ್ತು.

ಹಿಂದಿನ ಹಲಗೆ ಎತ್ತಿ ಒಳಗೆ ತೂರಿದೆ. ಸಿಲಿಂಡರಿನ ಪಿನ್ನು ಬಡಿದು ತೆಗೆದೆ. ಚುಕ್ಕಾಣಿಯ ದಂಡದ ತಲೆ ಒಂದು ಗೇಣು ಮೇಲಕ್ಕಿತ್ತು. ಪಾಳ್ಯದಿಂದ ತಂದ ದೊಡ್ಡ ಪೈಪ್ ರೆಂಚನ್ನು ಅದಕ್ಕೆ ಕಚ್ಚಿಸಿ, ರೆಂಚಿನ ಹಿಡಿಗೆ ಜಿಐ ಪೈಪಿನ ತುಂಡು ತೂರಿಸಿದೆ. ಅದೇ ಚುಕ್ಕಾಣಿಯ ಹಿಡಿಯಾಯಿತು. ಆದರೆ ಅಲ್ಲಿ ಕೂರಲು ಜಾಗವಿಲ್ಲ. ಅಂಗಾತ ಮಲಗಿ ಎದೆಯ ಮೇಲೆ ಪೈಪು ಹಿಡಿಯಬೇಕು. ಮುಂದೇನಿದೆ ಎಂದು ನನಗೆ ಕಾಣದು. ಭಾವ ಎಂಜಿನ್ನನ್ನು ನಿಧಾನಕ್ಕಿಟ್ಟು ದಿಕ್ಸೂಚಿ ನೋಡಿ "ಬಲಕ್ಕೆ, ಇನ್ನೂ, ಸಾಕು" ಎನ್ನುವುದು, ನಾನು ಎಳೆಯುವುದು. ಪ್ರತಿ ಅಲೆಗೂ ಪೈಪು ಪಕ್ಕೆಲುಬಿಗೆ ಗುದ್ದುತ್ತಿತ್ತು. ಚೆಲ್ಲಿದ ಎಣ್ಣೆ, ಡೀಸೆಲ್ ಹೊಗೆ, ಉಪ್ಪುನೀರು. ವಾಂತಿ ಮಾಡಿದರೂ ಕೈ ಬಿಡುವಂತಿರಲಿಲ್ಲ. ಭಾವನ ದನಿ ಒಡೆದು ಹೋಯಿತು. ಆಮೇಲೆ ಅವರು ಹಲಗೆಗೆ ತಟ್ಟತೊಡಗಿದರು, ಒಂದು ತಟ್ಟಿದರೆ ಎಡ, ಎರಡು ತಟ್ಟಿದರೆ ಬಲ.

ಬೆಳಕು ಹರಿದಾಗ ಸೇಂಟ್ ಮೇರೀಸ್ ದ್ವೀಪದ ತೆಂಗು ಕಂಡಿತು ಎಂದು ಭಾವ ಹೇಳಿದರು. ಬಂದರಿನ ಬಾಯಿಯಲ್ಲಿ ಅಲೆ ಒಡೆಯುತ್ತಿತ್ತು. ಈ ಹಿಡಿಯಲ್ಲಿ ಕಲ್ಲುದಂಡೆಗಳ ನಡುವೆ ನುಗ್ಗುವುದು ಬೇಡವೆಂದು ಹೊರಗೇ ಮೂತಿಯನ್ನು ಅಲೆಗಿಟ್ಟು ಕಾದೆವು. ರಾತ್ರಿ ನಮ್ಮ ಕೂಗು ಕೇಳಿಸಿಕೊಂಡು ಹುಡುಕುತ್ತ ಬಂದ ಒಂದು ಬೋಟಿನವರು ಹಗ್ಗ ಎಸೆದು ಎಳೆದುಕೊಂಡು ಹೋದರು. ಧಕ್ಕೆ ಮುಟ್ಟಿದಾಗ ನನ್ನ ಬೆರಳುಗಳನ್ನು ಪೈಪಿನಿಂದ ಅಕ್ಕನೇ ಒಂದೊಂದಾಗಿ ಬಿಡಿಸಿದಳು. ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ ಎಂದು ಎಕ್ಸ್‌ರೇಯಲ್ಲಿ ಗೊತ್ತಾಯಿತು.

ಆಟೊಪೈಲಟ್ ತೆಗೆಸಿಲ್ಲ. ಅದಿಲ್ಲದೆ ನಾವಿಬ್ಬರೇ ದುಡಿಯುವುದು ಆಗದ ಮಾತು. ನಡುಕ ತಾಳುವ ಹಾಗೆ ಪಂಪಿನ ಎರಡೂ ಬದಿಗೆ ಬಳುಕುವ ಹೋಸು ಹಾಕಿದ್ದೇವೆ. ಟಿಯಿಂದ ಪಂಪಿಗೆ ಹೋಗುವ ಕಡೆ ಮುಚ್ಚುವ ವಾಲ್ವು ಇದೆ, ಪಂಪಿನ ಕಡೆ ಸೋರಿದರೆ ಅದನ್ನು ಕಡಿದು ಚಕ್ರವನ್ನು ಉಳಿಸಿಕೊಳ್ಳಬಹುದು. ಚುಕ್ಕಾಣಿಯ ದಂಡಕ್ಕೆ ಸರಿಯಾಗಿ ಕೂರುವ ಉದ್ದ ಹಿಡಿಯೊಂದನ್ನು ಪಾಳ್ಯದಲ್ಲೇ ವೆಲ್ಡ್ ಮಾಡಿಸಿದೆ. ಅದು ಹಲಗೆಯ ಮೇಲಕ್ಕೆ ಬರುತ್ತದೆ, ನಿಂತು ಮುಂದೆ ನೋಡುತ್ತ ಹಿಡಿಯಬಹುದು. ಈಗ ಬೇರೆ ದೋಣಿಯವರೂ ಯಂತ್ರ ಹಾಕಿಕೊಡು ಎಂದು ಕರೆಯುತ್ತಾರೆ. ಈ ವಾಲ್ವು ಮತ್ತು ಹಿಡಿಗೆ ಒಪ್ಪಿದರೆ ಮಾತ್ರ ಪೆಟ್ಟಿಗೆ ತೆರೆಯುತ್ತೇನೆ. ಖರ್ಚು ಹೆಚ್ಚಾಯಿತು ಎಂದವರ ದೋಣಿಗೆ ನಾನು ಹಾಕಿಲ್ಲ.